ಹೆಸರು ಬದಲಿಸಲಾಗಿದೆ

ಶೀರೆ ನದಿ ಇಳಿದು ಹದಿನೇಳನೆಯ ದಿನ
ನ್ಸಾಂಜೆಯ ಶಾಲೆಯ ಜಗಲಿಯಲ್ಲಿ
ನಾನು ನಡುವೆ ಕೂತಿದ್ದೆ.
ಬಲಕ್ಕೆ ಅರ್ಜಿ ಹಿಡಿದ ಹುಡುಗ, ಎಡಕ್ಕೆ ಎಸ್ನಾರ್ಟ್.
ನನ್ನ ಕೆಲಸ ಸಣ್ಣದು:
ಒಂದು ಬಾಯಿಂದ ಕೊಂಡು ಒಂದು ಕಿವಿಗೆ ಮಾರುವುದು.
ದಿನಗೂಲಿ, ಮೇಲೊಂದು ಬಾಟಲಿ ನೀರು.

'ಫಲಾನುಭವಿಯ ಹೆಸರು?' ಅಂದ ಹುಡುಗ.
ನಮ್ಮ ಮಾತಿನಲ್ಲಿ ಅದಕ್ಕೆ ಮಾತಿಲ್ಲ.
ಹಣ್ಣು ತಿನ್ನುವವಳು, ಅಂದೆ.
'ಯಾವ ಹಣ್ಣು?' ಅಂದಳು ಎಸ್ನಾರ್ಟ್,
'ಮಾವಿನ ಮರವನ್ನೇ ಹೊಳೆ ಒಯ್ದಿತಲ್ಲ.'
ನಗು ಯಾಕೆಂದು ಹುಡುಗ ಕೇಳಿದ.
ಅದು ದಾಟಿ ಬರುವುದಿಲ್ಲ, ಅಂದೆ.

ಎರಡು ಗಂಟೆ ಮಾತಾಡಿದಳು.
ನೀರು ಏರುವಾಗ ಮೊದಲು ಎತ್ತಿಕೊಂಡದ್ದು ಮಗುವನ್ನು,
ಆಮೇಲೆ ಉಳಿತಾಯ ಗುಂಪಿನ ಪೆಟ್ಟಿಗೆಯನ್ನು:
ಮೂರು ಬೀಗ, ಮೂವರ ಸೊಂಟದಲ್ಲಿ ಮೂರು ಕೀಲಿ.
ಲೆಕ್ಕದ ಪುಸ್ತಕ ತೇಲಿ ಹೋಯಿತು.
ಯಾರ ಬಡ್ಡಿ ಎಷ್ಟು, ಯಾರು ಎರಡು ವಾರ ತಪ್ಪಿಸಿದರು,
ಆನೆಹುಣಸೆಯ ಕೊಂಬೆಯಲ್ಲಿ ಕೂತು ಇರುಳಿಡೀ
ಮಗ್ಗಿಯಂತೆ ಒಪ್ಪಿಸಿಕೊಂಡಳಂತೆ,
ಮರೆತರೆ ಇಪ್ಪತ್ತೆರಡು ಮನೆ ಎರಡನೆಯ ಸಲ ಮುಳುಗುತ್ತವೆಂದು.
ಅತ್ತಿಗೆಯ ಬಳಿ ಬಿಟ್ಟ ಆಡು ಬದುಕಿದೆ, ಗಬ್ಬವಾಗಿದೆ.
'ನೆರವು ಬೇಕೆ?' ಎಂದದ್ದಕ್ಕೆ:
'ನನ್ನ ಮುತ್ತಜ್ಜ ಬಿಳಿಯರ ದಂಡಿನ ಹೊರೆ ಹೊತ್ತು ಹೋದ.
ಅವನೂ ಬರಲಿಲ್ಲ, ಕೂಲಿಯೂ ಬರಲಿಲ್ಲ.
ನೆರವು ಅನ್ನಬೇಡ. ಬಾಕಿ ಅಂತ ಬರೆಸು.'

ಅರ್ಜಿಯಲ್ಲಿ ಬಾಕಿಗೆ ಚೌಕವಿರಲಿಲ್ಲ.
ಉಪವಾಸದ ದಿನಗಳಿಗಿತ್ತು.
ನಾಲ್ಕು, ಅಂದೆ. ನಾಲ್ಕು, ಬರೆದ.

ಆ ನಾಲ್ಕು ವಿಮಾನ ಹತ್ತಿ ಎಡಿನ್‌ಬರೋ ಸೇರಿತು.
ಅಲ್ಲಿ ಮೊರಾಗ್ ಎಂಬಾಕೆ (ಕೆಟ್ಟವಳಲ್ಲ,
ತನ್ನ ಸಂಬಳದಲ್ಲೂ ತಿಂಗಳಿಗಿಷ್ಟು ಕಳಿಸುವವಳು)
ಒಮ್ಮೆ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದಳು:
'ಬಡತನ' ಎಂದರೆ ಜನ ಲಕೋಟೆ ಒಡೆಯುವುದಿಲ್ಲ,
'ಹಸಿವು' ಎಂದರೆ ಒಡೆಯುತ್ತಾರೆ.
'ಒಂದು ಮಗು' ಎಂದರೆ ಕೈ ಜೇಬಿಗೆ ಹೋಗುತ್ತದೆ,
'ಹತ್ತು ಲಕ್ಷ ಮಕ್ಕಳು' ಎಂದರೆ ಚಾನೆಲ್ ಬದಲಾಗುತ್ತದೆ.
'ಹಕ್ಕು' ಎಂದರೆ? ಕೇಳಿದೆ.
ಆಚೆ ಸ್ವಲ್ಪ ಹೊತ್ತು ಬರೀ ಕಿಟಕಿಯ ಮಳೆ.
ಹಕ್ಕು ಎಂದರೆ ಜಗಳಕ್ಕೆ ಬರೆಯುತ್ತಾರೆ,
ಅದೂ ನಾವೇ ಅಂಚೆಚೀಟಿ ಹಚ್ಚಿ ಕಳಿಸಿದ ಮರುಲಕೋಟೆಯಲ್ಲಿ.

ಜೂನಿನಲ್ಲಿ ಕರಪತ್ರ ಬಂತು. ನುಣುಪು ಕಾಗದ.
ಮುಖವಿಲ್ಲ; ಎರಡು ಕೈ, ಒಂದು ಬರಿದು ಬೋಗುಣಿ.
ಅಂಚಿನಲ್ಲಿ ಇರುವೆಯಷ್ಟು ಅಕ್ಷರ: ಹೆಸರು ಬದಲಿಸಲಾಗಿದೆ.
ಮೆಕ್ಕೆಜೋಳ ಬಿಡಿಸುತ್ತಿದ್ದ ಎಸ್ನಾರ್ಟ್
ಓದಿ ಹೇಳು, ಅಂದಳು.
ಹೋದ ದಾರಿಯಲ್ಲೇ ವಾಪಸು ನಡೆದೆ,
ಇಂಗ್ಲಿಷಿನಿಂದ ಮನೆಗೆ:

'ಗ್ರೇಸ್ ಮೌನವಾಗಿ ಕಾಯುತ್ತಾಳೆ.
ಅವಳ ಬಳಿ ಏನೂ ಉಳಿದಿಲ್ಲ.
ಅವಳಿಗೆ ದನಿಯಿಲ್ಲ. ನೀವೇ ಅವಳ ದನಿ.'

ತೆನೆ ಹಿಡಿದ ಕೈ ನಿಂತಿತು.
'ಪಾಪ, ಯಾವೂರಿನವಳೇ ಇವಳು?
ಹುಟ್ಟುಮೂಗಿಯೇ?'
ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು.
'ಒಬ್ಬ ಅತ್ತಿಗೆಯೂ ಇಲ್ಲವೇ? ಒಂದು ಗುಂಪೂ?'
ಕಾಗದ ತಿರುಗಿಸಿ ನೋಡಿದಳು,
ಹಿಂಬದಿಯಲ್ಲಿ ಅವಳ ಮನೆ ಇರಬಹುದೇನೋ ಎಂಬಂತೆ.
ಬ್ಯಾಂಕಿನ ಅಂಕೆಗಳಿದ್ದವು.

ಗುರುವಾರ ಗುಂಪಿನ ಸಭೆ.
ಮೂರು ಕೀಲಿ ಬಂದವು, ಪೆಟ್ಟಿಗೆ ಬಾಯಿ ತೆರೆಯಿತು.
ಲೆಕ್ಕ ಮುಗಿದ ಮೇಲೆ ಎಸ್ನಾರ್ಟ್ ಎದ್ದಳು:
ಗ್ರೇಸ್ ಅಂತ ಒಬ್ಬಳಿದ್ದಾಳೆ.
ಇಪ್ಪತ್ತು ಸಾವಿರ ಕ್ವಾಚಾ ಕೊಡೋಣ.
ದಾನವಲ್ಲ, ಅವಳಿಗೂ ಮಾನವಿದೆ. ಸಾಲ.
ಮೊದಲ ಮೂರು ತಿಂಗಳು ಬಡ್ಡಿ ಬೇಡ.

ಜಾಮೀನು ಯಾರು, ಅಂದರು ಹಿಂದಿನಿಂದ ಯಾರೋ.

ಎಲ್ಲರೂ ನನ್ನತ್ತ ತಿರುಗಿದರು,
ಅವಳನ್ನು ಬಲ್ಲವಳು ನಾನೊಬ್ಬಳೇ ಎಂದು.